ಕರುವಿನ ಬದಲು ಕುರಿಮರಿ

ತಪ್ಪಿಹೋದ ಮಗನ ಸಾಮತಿಯನ್ನು ವಿವರಿಸಿದ್ದಕ್ಕೆ ಅಬ್ಬೆ ದುಬಾಯ್ ಅವರಿಗೆ ತಮ್ಮ ಸಭೆಯವರಿಂದಲೇ ಆಕ್ಷೇಪಣೆ ಬಂತು. ಮರಳಿ ಬಂದ ಮಗನಿಗಾಗಿ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುತ್ತಾನಲ್ಲ, ಆ ಮಾತು ಕೇಳಿದವರಿಗೆ ಮುಜುಗರವಾಗಿತ್ತು. ಹೊರಗಿನವರ ಕಿವಿಗೆ ಬಿದ್ದಿದ್ದರೆ ನಮ್ಮ ಮಾನ ಏನಾಗುತ್ತಿತ್ತು, ಇನ್ನೊಮ್ಮೆ ಹೇಳುವಾಗ ಕರು ಬೇಡ, ಕುರಿಮರಿ ಎನ್ನಿ ಎಂದು ಸಲಹೆ ಕೊಟ್ಟರು.

1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವರು ಈ ಫ್ರೆಂಚ್ ಪಾದ್ರಿ. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಲ್ಲಿದೆ. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಈ ಪ್ರಸಂಗವನ್ನು ಬರೆದು, ಬೈಬಲನ್ನು ದೇಶಭಾಷೆಗಳಿಗೆ ತಂದು ಜನರ ಕೈಗಿಡುವುದೇ ಅಪಾಯ ಎಂದು ಅವರು ವಾದಿಸಿದರು. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. ಕರು ಕರುವಾಗಿಯೇ ಕನ್ನಡಕ್ಕೆ ಬಂತು.

ಕರುವಿನ ಮಾತು ಅಷ್ಟು ನಾಟಿದ್ದು ಸಹಜ. ಆದರೆ ನನಗೆ ಅನುಮಾನ: ಆ ಕಥೆಯಲ್ಲಿ ನಿಜಕ್ಕೂ ಚುಚ್ಚಬೇಕಾದ್ದು ಕರುವೇ? ಅಣ್ಣ ಹೊರಗೆ ನಿಂತಿದ್ದಾನೆ. ಕೆಟ್ಟುಬಂದ ತಮ್ಮನ ಜೊತೆ ಒಂದೇ ಪಂಕ್ತಿಯಲ್ಲಿ ಕೂರಲಾರೆ ಎನ್ನುತ್ತಿದ್ದಾನೆ. ಯಾರು ಯಾರೊಂದಿಗೆ ಉಣ್ಣಬೇಕು ಎಂಬುದು ಜಾತಿಯನ್ನು ಚರ್ಚಿನೊಳಕ್ಕೂ ತಂದುಕೊಂಡಿದ್ದ ಜನರಿಗೆ ಅತಿ ಹತ್ತಿರದ ಪ್ರಶ್ನೆ. ಎಡವಲು ಕರು ಸಿಕ್ಕಿದ್ದರಿಂದ ಅಣ್ಣನ ಹತ್ತಿರ ಹೋಗುವ ಪ್ರಮೇಯವೇ ಬರಲಿಲ್ಲ.

ಚುಚ್ಚುವ ಮಾತನ್ನು ತಪ್ಪಿಸಿಕೊಳ್ಳುವ ಆ ಕೆಲಸವನ್ನೇ ಈಗ ನಾವು ಬೇರೆ ಬಗೆಯಲ್ಲಿ ಮಾಡುತ್ತೇವೆ. ಹೊಸ ವರ್ಷಕ್ಕೆ ಹಂಚುವ ವಾಗ್ದಾನದ ಕಾರ್ಡುಗಳನ್ನು ನೋಡಿ: ಹೆದರಬೇಡ, ನಿನ್ನ ಸಂಗಡ ಇದ್ದೇನೆ ಎಂಬ ಅರ್ಥದ ಬೈಬಲ್ ವಚನಗಳೇ ಎಲ್ಲ. ಕಾಯಿಲೆಯ ಮನೆಯಲ್ಲಿ ಆ ಕಾರ್ಡು ಹಿಡಿದು ಕುಳಿತವರನ್ನು ಹೀಗಳೆಯುವವನು ನಾನಲ್ಲ. ಆದರೆ ಬೇಕಾದ್ದನ್ನಷ್ಟೇ ಆರಿಸಿಕೊಂಡು ಪಡೆದ ಸಾಂತ್ವನ ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡ ಹಾಗೆ. ನಮ್ಮನ್ನು ಎದುರಿಸಿ ನಿಲ್ಲಬಲ್ಲ ಮಾತಿಗೇ ನಮ್ಮನ್ನು ಸಂತೈಸುವ ಅಧಿಕಾರವೂ ಇರುತ್ತದೆ.

137ನೇ ಕೀರ್ತನೆಯನ್ನೇ ತೆಗೆದುಕೊಳ್ಳಿ. ಬಾಬಿಲೋನಿನ ನದಿಗಳ ದಡದಲ್ಲಿ ಸೆರೆಯಾಳುಗಳು ಊರನ್ನು ನೆನೆದು ಅಳುವ ಹಾಡು. 1784ರಲ್ಲಿ ಮಂಗಳೂರಿನ ಕಡೆಯಿಂದ ಟಿಪ್ಪುವಿಗೆ ಸೆರೆಯಾಗಿ ಕಾವೇರಿಯ ದಡಕ್ಕೆ ನಡೆದುಬಂದ ಕಥೋಲಿಕರ ವಂಶದವರಿಗೆ ಅದು ಪರದೇಶದ ಕಥೆಯಲ್ಲ. ಆದರೆ ಕೊನೆಯಲ್ಲಿ ಅದೇ ಬಾಯಿ ವೈರಿಯ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಧನ್ಯನೆನ್ನುತ್ತದೆ. ಎರಡನೆಯ ವ್ಯಾಟಿಕನ್ ಸಮ್ಮೇಳನದ ನಂತರ ಪರಿಷ್ಕರಿಸಿದ ನಿತ್ಯಪ್ರಾರ್ಥನೆಯ ಪುಸ್ತಕದಲ್ಲಿ ರೋಮಿನ ಸಭೆ ಆ ಸಾಲುಗಳನ್ನು ಬಿಟ್ಟಿತು. ಇಲ್ಲೂ ಕುರಿಮರಿಯೇ! ಬಿಟ್ಟದ್ದು ಯಾಕೆಂದು ತಿಳಿಯದ್ದೇನಲ್ಲ, ಆದರೂ ಬಿಡಬಾರದಿತ್ತು. ನೊಂದವನ ಅಳು ಎಷ್ಟು ಬೇಗ ಸೇಡಾಗುತ್ತದೆ ಎಂಬುದನ್ನು ಅಳುವವನಿಗೇ ತೋರಿಸುವ ಸಾಲುಗಳು ಅವು. ಅಂಥ ಸೇಡನ್ನೂ ದೇವರ ಮುಂದೆ ಬಾಯಿಬಿಟ್ಟು ಹೇಳಬಹುದು ಎಂಬ ಧೈರ್ಯವೂ ಅಲ್ಲೇ ಇದೆ.

ಅದೇ ಸಮ್ಮೇಳನದ ಫಲವಾದ ಭಾನುವಾರಗಳ ವಾಚನಕ್ರಮ ಮಾತ್ರ ಈ ವಿಷಯದಲ್ಲಿ ನಿಷ್ಠುರ. ಮೂರು ವರ್ಷದ ಸುತ್ತಿನಲ್ಲಿ ಲೂಕನ ಸುವಾರ್ತೆಯ ಪಾಳಿ ಬಂದಾಗ, ತಪಸ್ಸುಕಾಲದ ನಾಲ್ಕನೆಯ ಭಾನುವಾರ ತಪ್ಪಿಹೋದ ಮಗ ಬಂದೇ ಬರುತ್ತಾನೆ. ಈ ವಾರ ಯಾರ ಮನೆಯಲ್ಲಿ ಪಾಲಿನ ಜಗಳ ನಡೆದಿದೆ, ಯಾರ ತಮ್ಮ ಬೆಂಗಳೂರಿನಲ್ಲಿ ಸಾಲ ಮಾಡಿ ಹಿಂದಿರುಗಿದ್ದಾನೆ ಎಂದು ಅದು ವಿಚಾರಿಸುವುದಿಲ್ಲ. ನಾಲೆಯ ನೀರಿಗೆ ರಾತ್ರಿ ಕಾದು, ಕಬ್ಬು ಬೆಳೆದು, ಅಪ್ಪಅಮ್ಮನನ್ನು ನೋಡಿಕೊಂಡ ಅಣ್ಣ ಬೆಂಚಿನಲ್ಲಿ ಕೂತು ಕೇಳಬೇಕು. ಅವನ ದೂರು ಸುಳ್ಳೆಂದು ಕಥೆ ಎಲ್ಲೂ ಹೇಳುವುದಿಲ್ಲ. ನನ್ನದೆಲ್ಲ ನಿನ್ನದೇ ಎಂದು ತಂದೆ ಹೊರಗೆ ಬಂದು ಅವನನ್ನೂ ಬೇಡಿಕೊಳ್ಳುತ್ತಾನೆ, ತಮ್ಮನ ಪಾಲಿಗೆ ಓಡಿಬಂದ ಅದೇ ತಂದೆ. ಅಣ್ಣನಿಗೆ ಸಿಗುವ ಸಮಾಧಾನ ಅಷ್ಟು. ಪಂಕ್ತಿಗೆ ಬಾ ಎಂಬ ಕರೆಯೂ ಅದರೊಳಗೇ ಸೇರಿದೆ. ಆಮೇಲೆ ಪೂಜೆ ಮುಗಿಸಿ ಮನೆಗೆ ಹೋದರೆ, ಮಧ್ಯಾಹ್ನದ ಊಟಕ್ಕೆ ತಮ್ಮನೂ ಕೂತಿರುತ್ತಾನೆ.