ತಪಾಸಣೆಗೊಂದು ಹೊತ್ತು

ಮಳೆಗಾಲ ಹಿಡಿದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಕಾಡಿನ ನಡುವೆ ಎಲ್ಲೋ ಒಂದು ಟೊಂಗೆ ತಂತಿಯ ಮೇಲೆ ಬೀಳುತ್ತದೆ. ಜಗಲಿಯಲ್ಲಿ ಬರೆಯುತ್ತ ಕೂತವರ ಎದುರು ಪರದೆ ವಾಕ್ಯದ ನಡುವೆಯೇ ಕತ್ತಲಾಗುತ್ತದೆ. ಕರೆಂಟು ಮರಳಿ ಬಂದಾಗ, ಲಿನಕ್ಸ್ ಹಾಕಿಕೊಂಡ ಹಳೆಯ ಕಂಪ್ಯೂಟರು ಕೂಡಲೇ ಎದ್ದು ನಿಲ್ಲುವುದಿಲ್ಲ. ಡಿಸ್ಕನ್ನು ಪರೀಕ್ಷಿಸುತ್ತಿದ್ದೇನೆ ಎಂಬ ಒಂದು ಸಾಲು, ಅದರ ಪಕ್ಕದಲ್ಲಿ ನಿಧಾನವಾಗಿ ಏರುವ ಶೇಕಡಾ ಅಂಕಿ. ಹನ್ನೊಂದು, ಹನ್ನೆರಡು, ಮತ್ತೆ ಬಹಳ ಹೊತ್ತು ಹನ್ನೆರಡೇ. ನಮ್ಮ ಕೈ ತಾನಾಗಿ ಅದನ್ನು ನಿಲ್ಲಿಸುವ ಕೀಲಿಯತ್ತ ಹೋಗುತ್ತದೆ. ನಾವು ನಿಲ್ಲಿಸಲು ಹೊರಟಿರುವುದು ಏನನ್ನು?

ಎಫ್‌ಎಸ್‌ಸಿಕೆ ಎಂಬ ಆ ತಪಾಸಕ ಐದು ಸುತ್ತು ಹಾಕುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿ ಕಡತದ ದಾಖಲೆಯನ್ನೂ ಓದುತ್ತದೆ. ಹೆಚ್ಚು ಹೊತ್ತು ಹಿಡಿಯುವುದು ಅಲ್ಲಿಯೇ. ಆಮೇಲೆ ಕಡತಕೋಶಗಳ ಒಳಗನ್ನು ನೋಡುತ್ತದೆ. ಮೂರನೆಯ ಸುತ್ತು ನನ್ನನ್ನು ಸದಾ ತಡೆದು ನಿಲ್ಲಿಸುತ್ತದೆ: ಪ್ರತಿಯೊಂದು ಕೋಶವೂ ಬೇರಿನೊಂದಿಗೆ ಕೂಡಿಕೊಂಡಿದೆಯೇ ಎಂದು ಅದು ಕೇಳುತ್ತದೆ. ದಾರಿ ತಪ್ಪಿದ್ದು ಕಂಡರೆ ಎಸೆಯುವುದಿಲ್ಲ. ಕಳೆದು ಸಿಕ್ಕವುಗಳಿಗೆಂದೇ ಕಾದಿಟ್ಟ ಕೋಣೆಯಲ್ಲಿ, ಹೆಸರು ಹೋಗಿದ್ದರೆ ಬರೀ ಒಂದು ಸಂಖ್ಯೆ ಕೊಟ್ಟು, ಇರಿಸುತ್ತದೆ. ಉಳಿದೆರಡು ಸುತ್ತು ಲೆಕ್ಕ ತಾಳೆ ನೋಡುವುದಕ್ಕೆ. ಬೇರಿನ ನಂಟು ಕಡಿದುಕೊಂಡ ಎಷ್ಟೋ ಸಂಗತಿ ನಮ್ಮೊಳಗೂ ಬಿದ್ದಿವೆಯಲ್ಲವೇ? ಅವನ್ನು ಹುಡುಕಿ ಒಂದೆಡೆ ತಂದಿಡುವಷ್ಟು ಸಾವಧಾನ ನಮಗಿದೆಯೇ?

ಈ ಕಾಯುವಿಕೆ ಮೊದಲಿಗಿಂತ ಈಗ ಬಹಳ ಕಡಿಮೆಯಾಗಿದೆ. ಅದರ ಕಾರಣ ನಮ್ಮ ಸೀಮೆಯವರಿಗೆ ಪರಿಚಿತವೇ. 2001ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ-3 ಎಂಬ ಕಡತ ವ್ಯವಸ್ಥೆ ಜರ್ನಲ್ ಇಡುವುದನ್ನು ರೂಢಿಸಿತು. ಜರ್ನಲ್ ಎಂದರೆ ಅಡಿಕೆ ವಖಾರಿಯ ಕಿರ್ದಿ. ಗುಮಾಸ್ತರು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖಾತೆಗೆ ಎತ್ತುತ್ತಾರೆ. ನಡುವೆ ಯಾರೋ ಕರೆದು ಎದ್ದು ಹೋದರೂ, ಬಂದು ಕೂತಾಗ ಇಡೀ ವರ್ಷದ ಖಾತೆ ತಿರುವಬೇಕಾಗಿಲ್ಲ; ಕಿರ್ದಿಯ ಕೊನೆಯ ಪುಟ ಸಾಕು. ಯಂತ್ರವೂ ಹಾಗೆಯೇ. ಮಾಡಲಿರುವುದನ್ನು ಮೊದಲು ಬರೆದಿಟ್ಟಿರುವುದರಿಂದ, ಬಿದ್ದಲ್ಲಿಂದ ಏಳುವುದು ಕ್ಷಣಗಳ ಕೆಲಸವಾಯಿತು. ನುಡಿಯುವ ಮುನ್ನ ಮನಸ್ಸಿನಲ್ಲೊಮ್ಮೆ ಬರೆದುಕೊಳ್ಳುವವರು ಎಡವಿದಾಗ ಬೇಗ ಸಾವರಿಸಿಕೊಳ್ಳುವುದನ್ನು ನಾವು ಕಂಡಿಲ್ಲವೇ?

ಆದರೆ ಕಿರ್ದಿ ಕಾಯುವುದು ಲೆಕ್ಕದ ಹೊಂದಾಣಿಕೆಯನ್ನು. ಡಿಸ್ಕಿನ ಮೈ ಸವೆದು ಒಳಗೊಳಗೇ ಆಗುವ ಕೇಡು ಅದಕ್ಕೆ ಕಾಣದು. ಆದ್ದರಿಂದಲೇ ಮೊದಲೆಲ್ಲ, ಏನೂ ಕೆಡದಿದ್ದರೂ, ಇಷ್ಟು ಸಲ ಎದ್ದ ಮೇಲೆ ಅಥವಾ 180 ದಿನ ಕಳೆದ ಮೇಲೆ ಪೂರ್ಣ ತಪಾಸಣೆ ಆಗಲೇಬೇಕೆಂಬ ನೇಮವಿತ್ತು. ಈಗಿನ ಹೊಸ ವ್ಯವಸ್ಥೆಗಳು ಆ ನೇಮವನ್ನು ಕೈಬಿಟ್ಟು ಬರುತ್ತವೆ. ಹಳೆಯವುಗಳಲ್ಲಿ ಟ್ಯೂನ್‌2ಎಫ್‌ಎಸ್ ಎಂಬ ಸಾಧನದಿಂದ ಎಣಿಕೆಯನ್ನೂ ದಿನಗಳನ್ನೂ ನಾವೇ ಬದಲಿಸಬಹುದು. ಎರಡಕ್ಕೂ ಸೊನ್ನೆ ಕೊಟ್ಟರೆ ಆ ನೇಮದ ತಪಾಸಣೆಯೇ ಇಲ್ಲ. ಸೊನ್ನೆ ಕೊಟ್ಟು ಮರೆತುಬಿಡುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ತೋಟ ಮಾಡಿದವರ ಮನಸ್ಸು ಅದು. ಕೊಳೆರೋಗ ಬರುವ ಮುಂಚೆಯೇ, ಗೊನೆ ಹಸಿರಾಗಿ ಚೆನ್ನಾಗಿರುವಾಗಲೇ ನಾವು ಮದ್ದು ಹೊಡೆಯುತ್ತೇವೆ. ನಲವತ್ತು, ನಲವತ್ತೈದು ದಿನಕ್ಕೆ ಮತ್ತೊಮ್ಮೆ. ಹೊಡೆಯುವ ಮುನ್ನ ಮೈಲುತುತ್ತ, ಸುಣ್ಣ ಬೆರೆಸಿದ ಆ ನೀಲಿ ದ್ರಾವಣದಲ್ಲಿ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಬೆರೆಸಿ ಮತ್ತೆ ಅದ್ದಬೇಕು. ಮೋಡ ಕವಿಯುತ್ತಿರುತ್ತದೆ, ಮರ ಹತ್ತುವವರು ಕಾಯುತ್ತಿರುತ್ತಾರೆ. ಆದರೂ ಆ ಅದ್ದುವಿಕೆಯನ್ನು ಬಲ್ಲವರಾರೂ ಬಿಡುವುದಿಲ್ಲ. ಅದನ್ನು ವಿಳಂಬವೆಂದು ಯಾರಾದರೂ ಕರೆದಾರೇ?

ತಪಾಸಣೆ ನಮಗೆ ಹೊರೆಯೆನಿಸುವುದು ಅದು ಹೊತ್ತಲ್ಲದ ಹೊತ್ತಿನಲ್ಲಿ ಬಂದಾಗ: ಬಸ್ಸಿಗೆ ಹೊರಟ ಬೆಳಗಿನಲ್ಲಿ, ಇಂದೇ ಕೊಡಬೇಕಾದ ಬರಹದ ಎದುರಿನಲ್ಲಿ. ಹಾಗಿರುವಾಗ ಹೊತ್ತನ್ನು ನಾವೇ ಗೊತ್ತುಮಾಡಬಾರದೇಕೆ? ಕರೆಂಟು ಹೋಗಿ ಬಿದ್ದ ಯಂತ್ರ ಕೇಳಿದ ತಪಾಸಣೆಯನ್ನಂತೂ ತಡೆಯುವುದು ಬೇಡ. ಏನೂ ಕಾರಣವಿಲ್ಲದೆ ಸಲಸಲಕ್ಕೂ ಅದು ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿದರೆ ಡಿಸ್ಕು ದಣಿದಿರಬಹುದು; ಮೊದಲು ಕಡತಗಳ ಇನ್ನೊಂದು ಪ್ರತಿ ತೆಗೆದಿಡೋಣ. ಉಳಿದಂತೆ, ವರ್ಷಕ್ಕೆ ಒಂದೆರಡು ಬಿಡುವಿನ ದಿನ ನಾವೇ ಕೇಳಿ ಪೂರ್ಣ ತಪಾಸಣೆ ಮಾಡಿಸೋಣ.

ನಮ್ಮ ಮನೆಯಲ್ಲಿ ಅದಕ್ಕೆ ಮೊದಲ ಮದ್ದಿನ ಹಿಂದಿನ ದಿನ ಗೊತ್ತಾಗಿದೆ. ಅಂಗಳದಲ್ಲಿ ಸುಣ್ಣ ನೆನೆಯುತ್ತಿರುತ್ತದೆ, ಒಳಗೆ ಪರದೆಯ ಮೇಲೆ ಅಂಕಿ ಏರುತ್ತಿರುತ್ತದೆ.