ತೆಂಗಿನ ನಾರೇ ಸಾಕು

ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಬೆಂಗಳೂರಿನ ಜೆ.ಪಿ. ನಗರ, ಬನಶಂಕರಿಯ ಕೊಡವರ ಮನೆಗಳಲ್ಲಿ ಊರಿಗೆ ಹೊರಡುವ ಮಾತು ಶುರು. ಕೋವಿಗೆ ತೋಕ್ ಪೂ (ಕೋವಿ ಹೂ) ಮುಡಿಸಬೇಕು, ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ನಿಲ್ಲಬೇಕು. ನಮ್ಮ ಬೀದಿಯ ಐಟಿ ಹುಡುಗನೊಬ್ಬ ಈ ಸಲ ಅಜ್ಜನ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೆ ಸ್ಯಾಬೋ ತರಿಸುವ ಹಟ ಹಿಡಿದಿದ್ದಾನೆ. ಬಾಳಿಕೆ ಬರುವಂಥದ್ದು, ಅಗ್ಗದ್ದು ಯಾವುದು ಎಂದು ಅವನ ಪ್ರಶ್ನೆ.

ಸ್ಯಾಬೋ ಎಂದರೆ ಗುಂಡಿಗೆ ತೊಡಿಸುವ ಪ್ಲಾಸ್ಟಿಕ್ ಬಟ್ಟಲು. ಅಮೆರಿಕದ ಬೇಟೆಗಾರರು ಅರ್ಧ ಇಂಚು ಬಾಯಿಯ ನಳಿಗೆಯಲ್ಲಿ .45 ಇಂಚಿನ ಸಣ್ಣ ಗುಂಡು ಹಾರಿಸಲು ಇದನ್ನು ಬಳಸುತ್ತಾರೆ. ನಳಿಗೆಯೊಳಗಿನ ತಿರುಪು ಗೀರುಗಳನ್ನು ಕಚ್ಚಿಕೊಂಡು ಇದು ಗುಂಡನ್ನು ಗಿರಗಿರನೆ ತಿರುಗಿಸುತ್ತದೆ, ಮದ್ದಿನ ಬಿಸಿಗಾಳಿ ಪಕ್ಕದಿಂದ ನುಸುಳದಂತೆ ತಡೆಯುತ್ತದೆ, ಬಾಯಿ ದಾಟಿದ ಕೂಡಲೇ ಕಳಚಿ ಬೀಳುತ್ತದೆ. ಒಂದು ಗುಂಡಿಗೆ ಒಂದು. ಹಾಗಾಗಿ ಇಲ್ಲಿ ಬಾಳಿಕೆ ಎಂದರೆ ರೆಪ್ಪೆ ಬಡಿಯುವಷ್ಟು ಹೊತ್ತು ಹರಿಯದೆ ಉಳಿಯುವುದು, ಅಷ್ಟೇ. ಬಿದ್ದದ್ದನ್ನು ಎತ್ತಿ ನೋಡಿ: ದಳಗಳು ಸಮನಾಗಿ ಬಿಚ್ಚಿಕೊಂಡಿದ್ದರೆ ಸರಿ, ತಳ ಸುಟ್ಟು ತೂತಾಗಿದ್ದರೆ ಎಷ್ಟು ಅಗ್ಗವಾದರೂ ದುಡ್ಡು ದಂಡ. ಒಂದೆರಡು ಗುಂಡು ಹಾರುತ್ತಲೇ ನಳಿಗೆಯಲ್ಲಿ ಮಸಿ ಕಟ್ಟುತ್ತದೆ, ಒರೆಸದಿದ್ದರೆ ಮುಂದಿನ ಬಟ್ಟಲು ಒಳಗಿಳಿಯುವುದೇ ಕಷ್ಟ.

ಇಷ್ಟಾಗಿ ನಮ್ಮ ಹಳೆಯ ಕೇಪಿನ ಕೋವಿಗಳ ನಳಿಗೆ ಬಹುಪಾಲು ನುಣುಪು. ಕಚ್ಚಿಕೊಳ್ಳಲು ಗೀರೇ ಇಲ್ಲದ ಮೇಲೆ ಸ್ಯಾಬೋ ಯಾತಕ್ಕೆ? ಹಿರಿಯರು ಮದ್ದು ಸುರಿದು, ತೆಂಗಿನ ನಾರಿನ ಉಂಡೆ ತುರುಕಿ, ಗಜದಿಂದ, ಅಂದರೆ ಉದ್ದ ಸರಳಿನಿಂದ, ಜಡಿಯುತ್ತಿದ್ದರು; ಮೇಲೆ ಚರೆ, ಮತ್ತೆ ನಾರು. ಖರ್ಚು ಸೊನ್ನೆ. (ಗುರಿ ತೆಂಗಿನಕಾಯಿ, ಗುರಿ ಹೊಡೆಯಲು ಅದರದೇ ನಾರು!) ನಿಜಕ್ಕೂ ಜೋಪಾನವಾಗಿ ನೋಡಬೇಕಾದದ್ದು ಗಜದ ಮೇಲಿನ ಗುರುತನ್ನು. ತುಂಬಿದ್ದು ತಳದವರೆಗೆ ಕೂತಿದೆಯೇ ಎಂದು ಹೇಳುವುದು ಅದೇ. ಮದ್ದಿಗೂ ಗುಂಡಿಗೂ ನಡುವೆ ಸಂದು ಉಳಿದರೆ ನಳಿಗೆಯೇ ಸಿಡಿದೀತು.

ಕೊಡವರ ಕೋವಿಗೆ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ತುಕ್ಕಿಗೆ ಮಾತ್ರ ಯಾವ ಕೋರ್ಟೂ ವಿನಾಯಿತಿ ಕೊಟ್ಟಿಲ್ಲ. ಅದಕ್ಕೇ ಹುಡುಗನಿಗೆ ಹೇಳಿದೆ: ಸ್ಯಾಬೋ ದುಡ್ಡು ಉಳಿಸಪ್ಪ, ಊರಿಗೆ ಹೋದವನೇ ನಳಿಗೆಯನ್ನು ಕೋವಿ ರಿಪೇರಿ ಬಲ್ಲವರಿಗೆ ತೋರಿಸು. ಅವರು ಬೇಡ ಎಂದರೆ ಪಂದ್ಯಕ್ಕೆ ಚಿಕ್ಕಪ್ಪನ ಕೋವಿ ಕೇಳು.