ಸೊನ್ನೆಯ ಪ್ರಾಮಾಣ್ಯ

ಜ್ಞಾನವು ಯಥಾರ್ಥವೆಂಬುದು ಆ ಜ್ಞಾನದಿಂದಲೇ ತಿಳಿಯತಕ್ಕದ್ದೋ, ಅಥವಾ ಅದಕ್ಕೆ ಬೇರೊಂದರ ಅನುಮೋದನೆ ಬೇಕೋ ಎಂಬ ವಿವಾದವು ನಮ್ಮ ದರ್ಶನಕಾರರನ್ನು ಶತಮಾನಗಳ ಕಾಲ ಎದುರುಬದುರಾಗಿ ನಿಲ್ಲಿಸಿತ್ತು. ನೀರೆಂದು ಕಂಡುದರ ಬಳಿಗೆ ನಡೆದು ದಾಹ ತೀರಿಸಿಕೊಂಡಾಗಲೇ ಆ ಕಾಣ್ಕೆ ನಿಜವೆಂದು ನಿಶ್ಚಯವಾಗುವುದೆಂಬುದು ನೈಯಾಯಿಕರ ಮತ. ಮೀಮಾಂಸಕರಾದರೋ, ಜ್ಞಾನವು ಸ್ವಭಾವದಿಂದಲೇ ಪ್ರಮಾಣವೆಂದೂ, ಜ್ಞಾನದ ಸಾಧನವಾದ ಕರಣದಲ್ಲಿ ದೋಷ ಕಂಡುಬಂದಾಗ ಇಲ್ಲವೆ ಬಾಧಕವಾದ ಇನ್ನೊಂದು ಜ್ಞಾನ ಉದಿಸಿದಾಗ ಮಾತ್ರ ಅದು ಅಪ್ರಮಾಣವೆಂದು ತಿಳಿಯುವುದೆಂದೂ ಸಾಧಿಸಿದರು. ಪಾಠಶಾಲೆಗಳೊಳಗೆ ಮುಗಿದುಹೋಯಿತೆಂದು ನಾವೆಣಿಸುವ ಈ ಚರ್ಚೆಯು, ಗಾಳಿಯ ಶುದ್ಧಾಶುದ್ಧಗಳನ್ನು ಅಳೆಯಲು ಗೋಡೆಗೆ ತಗುಲಿಸಿದ ಅಂಗೈಯಗಲದ ಯಂತ್ರದಲ್ಲಿ ಇಂದಿಗೂ ತೀರ್ಮಾನವನ್ನು ಕಾಯುತ್ತಿದೆ.

ಆ ಯಂತ್ರದೊಳಗೆ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಸಂವೇದಕದಲ್ಲಿ ಒಂದು ಕಿರುದೀಪವುಂಟು. ಅದರ ಅವಕೆಂಪು ಕಿರಣಗಳಲ್ಲಿ 4.26 ಮೈಕ್ರೋಮೀಟರಿನ ಆಸುಪಾಸಿನ ಪಾಲನ್ನು ಆ ಅನಿಲ ಹೀರಿಕೊಳ್ಳುವುದರಿಂದ, ಎದುರಿನ ಗ್ರಾಹಕವನ್ನು ಮುಟ್ಟುವ ಬೆಳಕು ಕುಂದಿದಷ್ಟೂ ಅನಿಲ ಹೆಚ್ಚೆಂದು ಲೆಕ್ಕ. ಆದರೆ ಕಾಲಕ್ರಮದಲ್ಲಿ ದೀಪವೂ ಮಂಕಾಗುತ್ತದೆ, ಒಳಗೋಡೆಗೆ ಧೂಳೂ ಕವಿಯುತ್ತದೆ. ಬೆಳಕು ಕುಂದಿದ್ದು ಅನಿಲದ ದೆಸೆಯಿಂದಲೋ ತನ್ನ ಮುಪ್ಪಿನ ದೆಸೆಯಿಂದಲೋ ಎಂಬುದನ್ನು ಯಂತ್ರವು ಅರಿಯದು. ಮೀಮಾಂಸಕರ ಕರಣದೋಷವೇ ಇದು. ಆದರೆ ದಿನಕ್ಕೆ ಕೂದಲೆಳೆಯಷ್ಟೇ ಸರಿಯುತ್ತ, ಇಂದಿನ ಅಳತೆಗೆ ನಿನ್ನೆಯ ಅಳತೆಯಿಂದಲೇ ಸಮರ್ಥನೆ ಒದಗಿಸಿಕೊಡುವ ಈ ದೋಷದ ಮುಂದೆ, ಬಾಧಕಜ್ಞಾನವು ಉದಿಸುವ ಸಂದರ್ಭವೇ ಬರುವುದಿಲ್ಲ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯಗಳಲ್ಲಿ ಅಗ್ಗವಾದುದೂ ಬಹುವಾಗಿ ಬಳಕೆಯಲ್ಲಿರುವುದೂ ವಿಚಾರಾರ್ಹವಾಗಿದೆ. ಒಂದು ವಾರದಷ್ಟು ಕಾಲದಲ್ಲಿ ತನಗೆ ದೊರೆತ ಅತ್ಯಂತ ಕಡಿಮೆಯ ಅಳತೆಯು ಬಯಲ ಗಾಳಿಯದೇ ಆಗಿರಬೇಕೆಂದು ಊಹಿಸಿ, ಬಯಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 400 ಭಾಗ ಈ ಅನಿಲವಿದೆಯೆಂಬ ನಂಬಿಕೆಯ ಮೇಲೆ, ಯಂತ್ರವು ಆ ಅಳತೆಯನ್ನು 400ಕ್ಕೆ ಹೊಂದಿಸಿಕೊಂಡು, ಅದನ್ನೇ ತನ್ನ ಸೊನ್ನೆಯಾಗಿ, ಎಂದರೆ ಎಣಿಕೆಯ ನೆಲೆಯಾಗಿ, ಇಟ್ಟುಕೊಳ್ಳುತ್ತದೆ. ರಾತ್ರಿ ಬರಿದಾಗುವ ಕಚೇರಿಗೆ ಈ ಊಹೆ ಒಪ್ಪುತ್ತದೆ. ಹಗಲಿರುಳೂ ಜನ ತುಂಬಿದ, ಕಿಟಕಿ ತೆರೆಯದ ಆಸ್ಪತ್ರೆಯ ವಾರ್ಡಿನಲ್ಲಾದರೋ, 700ಕ್ಕಿಂತ ಎಂದೂ ಕೆಳಗಿಳಿಯದ ಗಾಳಿಯನ್ನೇ ನಿರ್ಮಲವೆಂದು ಗ್ರಹಿಸಿ, ಅಲ್ಲಿಂದ ಮುಂದೆ ಇದ್ದುದಕ್ಕಿಂತ ಕಡಿಮೆಯಾಗಿಯೇ ನುಡಿಯುತ್ತದೆ. ಬಯಲೂ ಸ್ಥಿರವಲ್ಲವಷ್ಟೆ: ಹವಾಯಿಯ ಮೌನಾ ಲೋವಾ ಪರ್ವತದಲ್ಲಿ 1958ರಲ್ಲಿ 315ರ ಸಮೀಪವಿದ್ದ ಪ್ರಮಾಣವು 2024ರಲ್ಲಿ 420ನ್ನು ಮೀರಿತ್ತು.

ತಾನು ಕಂಡ ಕನಿಷ್ಠ ಕಲ್ಮಷವನ್ನೇ ಶುದ್ಧಿಯೆಂದು ಎಣಿಸುವುದು ಯಂತ್ರದ ಗುಣ ಮಾತ್ರವಲ್ಲ. ತಲೆಮಾರುಗಳಿಂದ ಒಂದು ಅನ್ಯಾಯದೊಳಗೇ ಉಸಿರಾಡಿದ ಸಮಾಜವು ಆ ಅನ್ಯಾಯದ ಅತ್ಯಂತ ಸೌಮ್ಯ ರೂಪವನ್ನು ಧರ್ಮವೆಂದು ಕರೆದಾಗ, ಅದು ಸುಳ್ಳಾಡುತ್ತಿದೆಯೆನ್ನಲಾಗದು. ಅದರ ಸೊನ್ನೆ ಸರಿದಿದೆ.

ಹಾಗಾದರೆ ಸೊನ್ನೆಯನ್ನು ನಿಲ್ಲಿಸುವವರಾರು? ಮೌನಾ ಲೋವಾದ ಅಳತೆಯನ್ನು ಆರಂಭಿಸಿದ ಚಾರ್ಲ್ಸ್ ಡೇವಿಡ್ ಕೀಲಿಂಗ್, ತನ್ನ ಯಂತ್ರದ ಮಾತನ್ನು ನಂಬದೆ, ಪ್ರಮಾಣ ಗೊತ್ತಿದ್ದ ಅನಿಲವನ್ನು ಸಿಲಿಂಡರುಗಳಿಂದ ಮತ್ತೆ ಮತ್ತೆ ಅದಕ್ಕೆ ಉಣಿಸಿ ಹೋಲಿಸಿದನು. ಆ ಸಿಲಿಂಡರುಗಳ ಅನಿಲವನ್ನು ಪಾದರಸದ ಒತ್ತಡಮಾಪಕದಿಂದ, ಎಂದರೆ ಗಾತ್ರ, ಒತ್ತಡ, ಉಷ್ಣತೆಗಳಿಂದ ನಿರ್ಧರಿಸಿದ್ದನು. ಆದರೂ ಅದು ಗಾಳಿಯೊಡನೆ ಬೆರೆತುದಾಗಿರದೆ ಸಾರಜನಕದೊಡನೆ ಬೆರೆತುದಾಗಿದ್ದುದರಿಂದ ಯಂತ್ರದ ಓದು ವ್ಯತ್ಯಾಸಗೊಳ್ಳುತ್ತಿದ್ದಿತೆಂಬುದು ಬಳಿಕ ಗೊತ್ತಾಯಿತು. ಸಾಕ್ಷಿಗೂ ಸಾಕ್ಷಿ ಬೇಕಾಯಿತು; ನೈಯಾಯಿಕರ ಹಾದಿಯಲ್ಲಿ ನಡೆದವರನ್ನು ಕಾಡುವ, ಕೊನೆಯೇ ಕಾಣದ ಅನವಸ್ಥೆ ಇದೇ.

ಉಡುಪಿಯ ಮಧ್ವಾಚಾರ್ಯರು ಈ ಅನವಸ್ಥೆಗೆ ಕಡಿವಾಣ ಹಾಕಿದುದು ಸಾಕ್ಷಿಯೆಂಬ ತತ್ತ್ವದಿಂದ. ಮನಸ್ಸು ಭ್ರಮಿಸಬಹುದು, ಆತ್ಮಸ್ವರೂಪವೇ ಆದ ಸಾಕ್ಷಿಯು ಭ್ರಮಿಸದು, ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಕಡೆಯದಾಗಿ ನಿರ್ಣಯಿಸುವುದು ಅದೇ. ಎಲ್ಲಿಯಾದರೂ ನಿಲ್ಲದಿದ್ದರೆ ಜ್ಞಾನವೇ ಇಲ್ಲವೆಂಬ ಈ ವಾದಕ್ಕೆ ಉತ್ತರವಿಲ್ಲ. ಆದರೆ ನನ್ನೊಳಗೆ ನುಡಿದುದು ಸಾಕ್ಷಿಯೋ, ಸಾಕ್ಷಿಯ ಪೀಠದಲ್ಲಿ ಕುಳಿತ ಅಭ್ಯಾಸವೋ? ಸಂಶಯ ಹುಟ್ಟಿದಲ್ಲಿ ಪರೀಕ್ಷೆ ಬೇಕೆಂದು ಆ ದರ್ಶನವೂ ಹೇಳುತ್ತದೆ. ಯಂತ್ರದಲ್ಲಂತೂ ಆ ಪೀಠದ ಮೇಲಿರುವುದು ನಿರ್ಮಾತೃವಿನ ಊಹೆಯೊಂದೇ.

ಆದುದರಿಂದ, ನಿಲುಗಡೆಯೊಂದನ್ನು ಆರಿಸಿಕೊಳ್ಳುವುದು ದೋಷವಲ್ಲ, ಅದು ಶ್ರದ್ಧೆ. ಎಲ್ಲಿ ನಿಂತೆವೆಂಬುದನ್ನು ಮರೆಮಾಚುವುದು ದೋಷ. ಕೀಲಿಂಗನ ಲೆಕ್ಕಗಳನ್ನು ಕಸದ ಬುಟ್ಟಿಗೆ ಹಾಕದೆ ತಿದ್ದಲು ಸಾಧ್ಯವಾದುದು, ಯಾವ ಅಳತೆಯನ್ನು ಯಾವ ಸಿಲಿಂಡರಿಗೆ ಹೋಲಿಸಲಾಗಿತ್ತೆಂಬುದರ ದಾಖಲೆ ಉಳಿದುಬಂದುದರಿಂದ. ತಿದ್ದಿದ ಸಂಖ್ಯೆಯನ್ನು ಮಾತ್ರ ಉಳಿಸಿ ಮೂಲದ ಓದನ್ನು ಅಳಿಸಿಹಾಕುವ ಯಂತ್ರಕ್ಕೆ ಇಂತಹ ಪ್ರಾಯಶ್ಚಿತ್ತವಿಲ್ಲ. ತನ್ನ ಆಚಾರವು ಯಾವ ಪ್ರಮಾಣದ ಮೇಲೆ ಯಾವಾಗ ನಿಂತಿತೆಂಬುದನ್ನು ಮರೆತು ಆಚಾರವನ್ನಷ್ಟೇ ಉಳಿಸಿಕೊಂಡ ಮತಕ್ಕೂ ಇಲ್ಲ.